ಏಳು ನಲವತ್ತರ ನಾಲ್ಕನೆಯವರು

ಜನವರಿಯ ಎರಡನೇ ಮಂಗಳವಾರ, ಬೆಳಿಗ್ಗೆ ಒಂಬತ್ತಕ್ಕೆ
ಯಂಗ್ಸ್‌ಟೌನಿನಿಂದ ಫೋನು ಬಂದೇ ಬರುತ್ತದೆ.
ಇಲ್ಲಿ ಮೊಣಕಾಲುದ್ದ ಹಿಮ ಎನ್ನುತ್ತಾನೆ ಡೆಲ್ಬರ್ಟ್,
ಇಲ್ಲಿ ಬಿಸಿಲು ಎನ್ನಬೇಕು ನಾನು.
ಕ್ಯಾರೊಲೈನಾದ ಈ ಕರಾವಳಿಯಲ್ಲಿ ಮಳೆ ಹುಯ್ಯುತ್ತಿದ್ದರೂ ಎನ್ನಬೇಕು.
ಹತ್ತೊಂಬತ್ತು ವರ್ಷದಿಂದ ಅದೇ ನಮ್ಮ ನಮಸ್ಕಾರ.

ಆಮೇಲೆ ಕಾಗದ ಮಗುಚುವ ಸದ್ದು.
ಏಪ್ರಿಲ್ ಮೂರನೇ ವಾರ. ನಾಲ್ಕು ರಾತ್ರಿ, ಐದು ಆಟ.
ನಾಕು ನಾಕ್ಲ ಹದಿನಾರು,
ಮಗ್ಗಿ ಎಂದೂ ತಪ್ಪಿಲ್ಲ.

ಅವರನ್ನು ನಾನು ಕಂಡಿದ್ದು ಕಡಿಮೆ, ಬಲ್ಲದ್ದು ಹೆಚ್ಚು.
ಉಕ್ಕಿನ ಕಾರ್ಖಾನೆ ಮುಚ್ಚಿದರೂ ಪಾಳಿ ಮರೆಯದವರು,
ರಜೆಯಲ್ಲೂ ನಾಲ್ಕೂವರೆಗೆ ಏಳುತ್ತಾರೆ.
ಆರ್ಲೋಗೆ ಹೊಸ ಮಂಡಿ, ಮೆಟ್ಟಿಲು ಬೇಡ.
ಗ್ರೆಗೊರ್ಸ್ಕಿಯ ಗೊರಕೆಗೆ ಪಕ್ಕದ ಕೋಣೆ ಖಾಲಿಯಿರಲಿ.
ಬೆನೆಡೆಟ್ಟೊ ಕುಡಿತ ಬಿಟ್ಟಿದ್ದಾನೆ, ಅವನ ಫ್ರಿಜ್ಜಿನಲ್ಲಿ ಏನೂ ಬೇಡ,
ಹೇಳಿದ್ದು ನಾನೆಂದು ಅವನಿಗೆ ತಿಳಿಯುವುದೂ ಬೇಡ.
ಟ್ರಿಂಬಲ್ ಅಣ್ಣತಮ್ಮಂದಿರು ಒಂದೇ ಗಾಡಿಯಲ್ಲಿ ಕೂರುವುದಿಲ್ಲ,
ಒಬ್ಬರನ್ನೊಬ್ಬರು ಬಿಟ್ಟು ಆಡುವುದೂ ಇಲ್ಲ.
ಒಂದು ಗುಂಪು, ಎರಡು ಗಾಡಿ:
ಅದು ಅವರಿಗೆ ಹೊಳೆಯಲು ಮೂರು ವರ್ಷ ಹಿಡಿಯಿತು,
ನನಗೆ ಒಂದು ನಿಮಿಷ.

ಎಲ್ಲರಿಗೂ ಸಮುದ್ರದ ಕಡೆಯ ಕೋಣೆಯೇ ಆಗಬೇಕು,
ರಾತ್ರಿಗೆ ಹದಿನೆಂಟು ಡಾಲರ್ ಹೆಚ್ಚಾದರೂ.
ಕತ್ತಲಲ್ಲಿ ಹೊರಡುತ್ತಾರೆ, ಕತ್ತಲಲ್ಲಿ ಮರಳುತ್ತಾರೆ,
ಕಿಟಕಿ ಒಂದಂಗುಲ ಸರಿಸಿ
ಅದು ಇನ್ನೂ ಅಲ್ಲೇ ಇದೆಯೆಂದು ಕೇಳಿಸಿಕೊಂಡು
ಬೂಟು ಬಿಚ್ಚದೆ ಮಲಗುತ್ತಾರೆ.
ಚಾದರ ಬದಲಿಸುವ ಇಮೋಜೀನ್ ಹೇಳುತ್ತಾಳೆ,
ಇವರು ಹೋದ ಮೇಲೆ ಪೊರಕೆಗೆ ಸಿಗುವುದು
ಮರಳಲ್ಲ, ಹುಲ್ಲು.

ಈ ಸಲ ಹದಿನೈದು ಎಂದ ಡೆಲ್ಬರ್ಟ್.
ಯಾರೆಂದು ನಾನು ಕೇಳಲಿಲ್ಲ. ಅವನು ಹೆಸರು ಓದುತ್ತಾ ಹೋದ,
ಹನ್ನೆರಡು ಆದ ಮೇಲೆ ಹದಿನಾಲ್ಕು ಎಂದ.
ಅಂಕೆಗಳನ್ನು ತಿದ್ದಿರಲಿಲ್ಲ.

ಮೂವರೇ ಆಡಿದರೂ ನಾಲ್ವರ ದುಡ್ಡು,
ಮೈದಾನದ ನಿಯಮ, ನನ್ನದಲ್ಲ ಎಂದೆ.
ಗೊತ್ತು ಎಂದ. ಒಂದು ವಾರ ಹಿಡಿದಿಡು ವರ್ಲೀನ್.
ಹಿಡಿದಿಟ್ಟೆ, ಏಳು ನಲವತ್ತರ ಗುಂಪಿನ ಕೊನೆಯ ಗೆರೆಯನ್ನು,
ಪೆನ್ಸಿಲ್ಲಿನಲ್ಲಿ.

ನಾಲ್ಕನೇ ದಿನ ಹೆಂಗಸಿನ ದನಿ.
ಥಿಯಾ, ಮಿಲೊ ಸ್ವೊಬೋದನ ಹೆಂಡತಿ.
ಸ್ವಲ್ಪ ತಡೆದು, ಹೆಂಡತಿ, ಎಂದಳು ಇನ್ನೊಮ್ಮೆ.
ಮುಂಗಡ ವಾಪಸ್ಸು ಕೇಳುತ್ತಾಳೆಂದು
ಅದರ ಫಾರಮ್ಮು ತೆಗೆದಿಟ್ಟುಕೊಂಡೆ.
ಅವಳು ಕೇಳಿದ್ದು:
ಹೆಂಗಸರ ಟೀ ಎಷ್ಟು ಗಜ ಮುಂದಿದೆ?
ಬೇಡ ಬಿಡು, ಗಂಡಸರದ್ದರಿಂದಲೇ ಹೊಡೆಯುತ್ತೇನೆ.
ಹಿತ್ತಲಲ್ಲಿ ಬಟ್ಟೆಯ ತಂತಿಯ ಕೆಳಗೆ
ವರ್ಷವಿಡೀ ಅವನ ಕೈ ತಿದ್ದಿದವಳು ನಾನು,
ಏಪ್ರಿಲ್ಲಿಗೆ ಕರೆದೊಯ್ದು ಕೆಡಿಸಿದವರು ಇವರು.

ಡೆಲ್ಬರ್ಟ್‌ಗೆ ಗೊತ್ತೇ?
ಗೊತ್ತಾಗುತ್ತದೆ, ಎಂದಳು.

ವಾರ ಮುಗಿಯಿತು. ಮೈದಾನದ ಹುಡುಗನಿಗೆ
ಓಹಾಯೊದಲ್ಲಿ ಹಿಮ, ಲೈನು ಕೆಟ್ಟಿದೆ ಎಂದು ಸುಳ್ಳು ಹೇಳಿದೆ.
ಹದಿನೈದು ಗಂಡಸರು ಬೌಲಿಂಗ್ ಹಾಲಿನ ಹಿಂದೆಯೋ
ಚರ್ಚಿನ ನೆಲಮಾಳಿಗೆಯಲ್ಲೋ ಕೂತು
ಏನು ಮಾತಾಡಿದರೋ, ಎಷ್ಟು ಸುಮ್ಮನಿದ್ದರೋ.
ಒಂಬತ್ತನೇ ದಿನ ಫೋನು.
ಹದಿನಾರು, ಎಂದ.
ಹಿಮದ ಸುದ್ದಿಯೇ ಎತ್ತಲಿಲ್ಲ.
ಅವಳ ಗುಂಪಿಗೆ ಯಾರೂ ಒಲ್ಲರು, ಸೋಲುವ ಹೆದರಿಕೆ.
ನನ್ನನ್ನು ಹಾಕು. ಟ್ರಿಂಬಲ್‌ಗಳನ್ನೂ ಹಾಕು,
ಅವರು ಸೋಲನ್ನು ಒಬ್ಬರ ಮೇಲೊಬ್ಬರು ಹೊರಿಸಿಕೊಳ್ಳುತ್ತಾರೆ.

ಪೆನ್ಸಿಲ್ ಗೆರೆಯ ಮೇಲೆ ಈಗ ಶಾಯಿ.
ಥಿಯಾಗೆ ಹಿಂದಿನ ಕೋಣೆ, ಕಾರುಗಳ ಕಡೆಯದು,
ಅವಳೇ ಕೇಳಿದ್ದು: ಹದಿನೆಂಟು ಡಾಲರ್ ಯಾಕೆ ದಂಡ,
ಸಮುದ್ರ ನೋಡಬೇಕೆನಿಸಿದರೆ ನಡೆದುಹೋಗುತ್ತೇನೆ.

ಅಂದು ಫೋನಿಡುವ ಮೊದಲು ಅವಳು ಕೇಳಿದಳು,
ಅಲ್ಲಿ ಹೇಗಿದೆ?
ಕಿಟಕಿಯತ್ತ ತಿರುಗಿ ನೋಡಿ
ಮಳೆ, ಎಂದೆ.